ಆರತಿಗೊಬ್ಬಳು ಎಲ್ಲಿ?

ಜನ ಹೆಚ್ಚಾದರೆಂದು ಚಿಂತಿಸುತ್ತಿದ್ದ ಕಾಲ ಹೋಯಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಈಗ ತೊಟ್ಟಿಲುಗಳು ಕಡಿಮೆ. ಅದರಲ್ಲೂ ಹೆಣ್ಣುಮಗುವಿನ ತೊಟ್ಟಿಲು ಇನ್ನೂ ಕಡಿಮೆ. ಜನಗಣತಿಯ ಅಂಕಿಗಳು ಹೇಳುವ ಕಥೆ ಇಲ್ಲಿದೆ.

ಪ್ರೌಢಶಾಲೆಯ ಸಮಾಜ ವಿಜ್ಞಾನದ ಪಾಠದಲ್ಲಿ ಜನಸಂಖ್ಯೆಯ ಗೋಪುರ ಎಂಬ ಚಿತ್ರವೊಂದು ಬರುತ್ತದೆ. ಅಭಿವೃದ್ಧಿ ಹೊಂದುತ್ತಿರುವ ದೇಶಕ್ಕೆ ಉದಾಹರಣೆಯಾಗಿ ಸಾಮಾನ್ಯವಾಗಿ ಆಫ್ರಿಕದ ಯಾವುದಾದರೊಂದು ದೇಶವನ್ನು ತೋರಿಸುತ್ತಾರೆ. ಗೋಪುರದ ತಳ ಅಗಲ, ತುದಿ ಚೂಪು. ತಳದಲ್ಲಿ ಕಿಕ್ಕಿರಿದ ಮಕ್ಕಳು, ನಡುವೆ ದುಡಿಯುವವರು, ತುದಿಯಲ್ಲಿ ಬೆರಳೆಣಿಕೆಯ ಮುದುಕರು. ಅದರ ಪಕ್ಕದಲ್ಲಿ ಯೂರೋಪಿನ ದೇಶದ ಚಿತ್ರವಿರುತ್ತದೆ. ಅದರ ತಳ ಕಿರಿದು, ಹೊಟ್ಟೆ ದಪ್ಪ. ಮಕ್ಕಳು ಕಡಿಮೆ, ವಯಸ್ಸಾದವರು ಹೆಚ್ಚು.

ಮಂಡ್ಯ ಜಿಲ್ಲೆಯ ವಿದ್ಯಾರ್ಥಿಯೊಬ್ಬ ತನ್ನ ಊರಿನ ಗೋಪುರವನ್ನು ಬರೆದರೆ ಅದು ಯಾವ ಚಿತ್ರವನ್ನು ಹೋಲುತ್ತದೆ? ಅಜ್ಜನ ಕಾಲದ್ದಾದರೆ ಆಫ್ರಿಕದ ಚಿತ್ರವನ್ನು. ಇಂದಿನದಾದರೆ ಯೂರೋಪಿನ ಚಿತ್ರವನ್ನು. ಎರಡೇ ತಲೆಮಾರಿನಲ್ಲಿ ಇಷ್ಟು ದೊಡ್ಡ ಬದಲಾವಣೆ ನಡೆದುಹೋಗಿದೆ.

ಅಂಕಿಗಳನ್ನೇ ನೋಡಿ. 1961ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಜನಸಂಖ್ಯೆ ಸುಮಾರು 9 ಲಕ್ಷ. ಮುಂದಿನ ಹತ್ತೇ ವರ್ಷಗಳಲ್ಲಿ ಅದು ಶೇಕಡಾ 28ರಷ್ಟು ಹೆಚ್ಚಿ ಹನ್ನೊಂದೂವರೆ ಲಕ್ಷ ಮುಟ್ಟಿತು. 1981ರಲ್ಲಿ 14.18 ಲಕ್ಷ, 1991ರಲ್ಲಿ 16.44 ಲಕ್ಷ, 2001ರಲ್ಲಿ 17.64 ಲಕ್ಷ. 2011ರ ಗಣತಿ ಬಂದಾಗ 18.06 ಲಕ್ಷ. ಹತ್ತು ವರ್ಷಗಳಲ್ಲಿ ಹೆಚ್ಚಿದ್ದು ಕೇವಲ 42 ಸಾವಿರ. ಅಂದರೆ ಶೇಕಡಾ 2.4. ಒಂದು ದಶಕದಲ್ಲಿ 28ರ ಓಟ, ಮತ್ತೊಂದರಲ್ಲಿ ಎರಡೂವರೆಯ ತೆವಳು ನಡೆ.

ಜನಸಂಖ್ಯೆಯ ಹೆಚ್ಚಳ ನಿಂತಿತೆಂದರೆ ಸಂತೋಷದ ಸುದ್ದಿಯೇ ಅಲ್ಲವೇ ಎಂದು ಕೇಳಬಹುದು. ಅರ್ಧ ಸಂತೋಷ ನಿಜ. ಆದರೆ ಮಕ್ಕಳ ಸಂಖ್ಯೆ ಇಳಿಯುವಾಗ ಯಾರ ಸಂಖ್ಯೆ ಹೆಚ್ಚು ಇಳಿಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಿದಾಗ ಮಾತ್ರ ಈ ಕಥೆ ಪೂರ್ಣವಾಗುತ್ತದೆ.

ಜ್ವರದ ಊರು, ಬರದ ಸೀಮೆ

ಈ ನಾಲ್ಕು ತಾಲ್ಲೂಕುಗಳ ಜನಸಂಖ್ಯೆಯ ಇತಿಹಾಸ ಬಹುಕಾಲ ಸಾವಿನ ಇತಿಹಾಸವೇ ಆಗಿತ್ತು. ಶ್ರೀರಂಗಪಟ್ಟಣದಷ್ಟು ಏರಿಳಿತ ಕಂಡ ಊರು ಕರ್ನಾಟಕದಲ್ಲಿ ಅಪರೂಪ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮರುವರ್ಷ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಕಾಲದಲ್ಲಿ ಈ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು ಮಾಡಿದ. ಅವನು ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. ರಾಜಧಾನಿ ಮೈಸೂರಿಗೆ ಹೋಯಿತು. ಮಲೇರಿಯಾದ ಕಾಟ ತಾಳಲಾರದೆ ಬ್ರಿಟಿಷರ ಸೈನ್ಯವೂ 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಜಾಗ ಬದಲಿಸಿತು. ಪ್ಲೇಗಿನ ಹೊಡೆತವೂ ಸೇರಿ 1901ರ ಗಣತಿಯ ವೇಳೆಗೆ ಪಟ್ಟಣದಲ್ಲಿ ಉಳಿದವರು 8,584 ಮಂದಿ ಮಾತ್ರ. ಒಂದೂವರೆ ಲಕ್ಷದಿಂದ ಎಂಟೂವರೆ ಸಾವಿರ!

ನಾಗಮಂಗಲ, ಹಿಂದೆ ಅತ್ತಿಕುಪ್ಪೆ ಎಂದು ಕರೆಸಿಕೊಳ್ಳುತ್ತಿದ್ದ ಕೆ.ಆರ್. ಪೇಟೆ, ಇವೆರಡೂ ಮಳೆಯನ್ನೇ ನಂಬಿದ್ದ ರಾಗಿ, ಹುರುಳಿಯ ಸೀಮೆ. ಮಳೆ ಕೈಕೊಟ್ಟರೆ ಬದುಕು ಕೈಕೊಟ್ಟಂತೆ. 1876ರಿಂದ 78ರವರೆಗಿನ ಮಹಾಕ್ಷಾಮ ಇಡೀ ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತು. 1871ರ ಗಣತಿಯಲ್ಲಿ ಸಂಸ್ಥಾನದ ಜನ 50.55 ಲಕ್ಷ, 1881ರಲ್ಲಿ 41.86 ಲಕ್ಷ. ಹತ್ತು ವರ್ಷಗಳಲ್ಲಿ ಹುಟ್ಟಿದವರನ್ನೆಲ್ಲ ಸೇರಿಸಿದರೂ ಎಂಟೂವರೆ ಲಕ್ಷಕ್ಕೂ ಹೆಚ್ಚು ಕೊರತೆ. ಆ ಕಾಲದ ತಾಯಂದಿರು ಆರೇಳು ಮಕ್ಕಳನ್ನು ಹೆತ್ತರೆ ಅದು ಅವಿವೇಕವಾಗಿರಲಿಲ್ಲ. ಹೆತ್ತವುಗಳಲ್ಲಿ ಎಷ್ಟು ಕೈಗೆ ಹತ್ತುತ್ತವೆ ಎಂಬ ಭರವಸೆಯೇ ಇಲ್ಲದ ದಿನಗಳು ಅವು.

ನೀರು ಬಂತು, ಜನ ಬೆಳೆದರು

ಚಿತ್ರ ಬದಲಾದದ್ದು ಕನ್ನಂಬಾಡಿ ಕಟ್ಟೆಯಿಂದ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕೆಲಸ 1930ರ ದಶಕದ ಆರಂಭದಲ್ಲಿ ಮುಗಿಯಿತು. ಮೊದಲು ಇರ್ವಿನ್ ನಾಲೆ ಎಂದು, ಬಳಿಕ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾದ ಕಾಲುವೆ ಪಾಂಡವಪುರ, ಶ್ರೀರಂಗಪಟ್ಟಣದ ಬಯಲಿಗೂ ಅದರಾಚೆಗೂ ನೀರುಣಿಸಿತು. ಒಣಭೂಮಿ ಗದ್ದೆಯಾಯಿತು, ಕಬ್ಬಿನ ತೋಟವಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಮುಂದೆ ಹೇಮಾವತಿಯ ನೀರು ಕೆ.ಆರ್. ಪೇಟೆಯ ಕಡೆಗೂ ಹರಿಯಿತು.

ನೀರಿನ ಜೊತೆ ಸೊಳ್ಳೆಯೂ ಬಂತು. ಆದರೆ ಮೈಸೂರು ಸರ್ಕಾರ ಅದನ್ನು ಮೊದಲೇ ಊಹಿಸಿತ್ತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆ ನಡೆಯಿತು. 1929ರಲ್ಲಿ ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕವೊಂದು ತೆರೆಯಿತು. ಸ್ವಾತಂತ್ರ್ಯಾನಂತರ, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು ಮನೆಮನೆಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸುವ ಕೆಲಸ ದೇಶದಾದ್ಯಂತ ನಡೆಯಿತು. ಸಿಡುಬಿಗೆ ಲಸಿಕೆ ಹಾಕಿದರು. ತರಬೇತಿ ಪಡೆದ ದಾಯಿಯರು ಬಂದರು.

ಇದರ ಪರಿಣಾಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸಾವು ಬೇಗ ಇಳಿಯುತ್ತದೆ. ಹುಟ್ಟು ನಿಧಾನವಾಗಿ ಇಳಿಯುತ್ತದೆ. ಏಕೆಂದರೆ ಲಸಿಕೆ ಒಂದೇ ದಿನದಲ್ಲಿ ಬರಬಹುದು, ಮನಸ್ಸು ಬದಲಾಗಲು ಒಂದು ತಲೆಮಾರು ಬೇಕು. ಈ ನಡುವಿನ ಅವಧಿಯಲ್ಲಿ ಜನಸಂಖ್ಯೆ ಉಕ್ಕುತ್ತದೆ. 1961ರಿಂದ 71ರವರೆಗಿನ ಶೇಕಡಾ 28ರ ಏರಿಕೆಗೆ ಇದೇ ಮುಖ್ಯ ಕಾರಣ.

ಕೀನ್ಯಾದ ಲೆಕ್ಕ

ಇದೇ ಹಾದಿಯಲ್ಲಿ ನಮ್ಮ ಹಿಂದೆ ನಡೆದು ಬರುತ್ತಿರುವ ಪೂರ್ವ ಆಫ್ರಿಕದ ಕೀನ್ಯಾ ದೇಶವನ್ನು ಹೋಲಿಕೆಗೆ ತೆಗೆದುಕೊಳ್ಳೋಣ. ಅದೂ ಬ್ರಿಟಿಷರ ಆಳ್ವಿಕೆಯಲ್ಲಿದ್ದ ದೇಶ. ಅಲ್ಲಿಯೂ ಬಹುಪಾಲು ಜನ ಬೇಸಾಯಗಾರರು. ಅಲ್ಲಿಯೂ ಹತ್ತು ವರ್ಷಕ್ಕೊಮ್ಮೆ ಗಣತಿ. 1962ರಲ್ಲಿ ಕೀನ್ಯಾದ ಜನಸಂಖ್ಯೆ 86 ಲಕ್ಷ. 1979ರಲ್ಲಿ 1.53 ಕೋಟಿ, 1999ರಲ್ಲಿ 2.87 ಕೋಟಿ, 2019ರಲ್ಲಿ 4.76 ಕೋಟಿ. ಐವತ್ತೇಳು ವರ್ಷಗಳಲ್ಲಿ ಐದೂವರೆ ಪಟ್ಟು! ಮಂಡ್ಯ ಜಿಲ್ಲೆ 1961ರಿಂದ 2011ರವರೆಗಿನ ಐವತ್ತು ವರ್ಷಗಳಲ್ಲಿ ಬೆಳೆದದ್ದು ಎರಡು ಪಟ್ಟು. ಕೀನ್ಯಾದಂತೆ ಐದೂವರೆ ಪಟ್ಟು ಬೆಳೆದಿದ್ದರೆ ಜಿಲ್ಲೆಯ ಜನಸಂಖ್ಯೆ ಅರ್ಧ ಕೋಟಿಯ ಹತ್ತಿರ ಬರುತ್ತಿತ್ತು. ಒಂದೊಂದು ಎಕರೆಯನ್ನು ಎಷ್ಟು ಮಂದಿಗೆ ಹಂಚಬೇಕಾಗುತ್ತಿತ್ತೋ!

ಆಫ್ರಿಕ ಎಂದರೆ ಬದಲಾಗದ ಖಂಡ ಎಂದು ತಿಳಿಯುವುದು ಮಾತ್ರ ತಪ್ಪು. ಸಹಾರಾದ ದಕ್ಷಿಣದ ದೇಶಗಳಲ್ಲಿ ರಾಷ್ಟ್ರೀಯ ಕುಟುಂಬ ಯೋಜನೆಯನ್ನು ಮೊದಲು ಕೈಗೊಂಡದ್ದು ಕೀನ್ಯಾ, 1967ರಲ್ಲಿ. 1970ರ ದಶಕದ ಕೊನೆಯಲ್ಲಿ ಅಲ್ಲಿನ ಮಹಿಳೆ ಸರಾಸರಿ ಎಂಟು ಮಕ್ಕಳನ್ನು ಹೆರುತ್ತಿದ್ದಳು. 2022ರ ಸಮೀಕ್ಷೆಯಲ್ಲಿ ಅದು 3.4. ಹೆಣ್ಣುಮಕ್ಕಳು ಶಾಲೆಗೆ ಹೋದಂತೆ, ಜಮೀನು ಹಂಚಿ ಹಂಚಿ ಸಣ್ಣದಾದಂತೆ, ಮಕ್ಕಳ ಸಂಖ್ಯೆ ಇಳಿಯುತ್ತ ಬಂತು. ಕಾರಣಗಳು ನಮ್ಮವೇ.

ಆದರೆ ಒಂದು ವಿಷಯದಲ್ಲಿ ಕೀನ್ಯಾ ನಮಗಿಂತ ಬೇರೆ. 2019ರ ಗಣತಿಯಲ್ಲಿ ಅಲ್ಲಿ 2.40 ಕೋಟಿ ಮಹಿಳೆಯರು, 2.35 ಕೋಟಿ ಪುರುಷರು. ಹುಟ್ಟುವ ಮಕ್ಕಳಲ್ಲಿಯೂ ಪ್ರಕೃತಿ ಕೊಟ್ಟ ಪ್ರಮಾಣ ಕೆಟ್ಟಿಲ್ಲ. ಮಕ್ಕಳು ಕಡಿಮೆಯಾದರು, ಹೆಣ್ಣುಮಕ್ಕಳೇ ಕಡಿಮೆಯಾಗಲಿಲ್ಲ. ಈ ಮಾತನ್ನು ನೆನಪಿಟ್ಟುಕೊಂಡು ನಮ್ಮ ತಾಲ್ಲೂಕುಗಳಿಗೆ ಮರಳೋಣ.

ನಾವಿಬ್ಬರು, ನಮಗಿಬ್ಬರು

ಸಂತಾನ ನಿಯಂತ್ರಣದ ವಿಷಯದಲ್ಲಿ ಹಳೇ ಮೈಸೂರು ಹಿಂದೆ ಬಿದ್ದ ನಾಡಲ್ಲ. ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1930ರ ಜೂನ್ ತಿಂಗಳಲ್ಲಿ, ಬೆಂಗಳೂರು ಹಾಗೂ ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶವಾಯಿತು. ಸರ್ಕಾರವೇ ಇಂಥ ಚಿಕಿತ್ಸಾಲಯ ತೆರೆದದ್ದು ಜಗತ್ತಿನಲ್ಲಿ ಇದೇ ಮೊದಲೆಂದು ಹೇಳುತ್ತಾರೆ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಒಟ್ಟಾಗಿ ನಡೆಸಿದ ಪ್ರಸಿದ್ಧ ಜನಸಂಖ್ಯಾ ಅಧ್ಯಯನಕ್ಕೆ ಆರಿಸಿಕೊಂಡದ್ದೂ ಮೈಸೂರು ರಾಜ್ಯವನ್ನೇ.

ಆನಂತರದ ದಶಕಗಳಲ್ಲಿ ಕೆಂಪು ತ್ರಿಕೋನ ಆಸ್ಪತ್ರೆಯ ಗೋಡೆಯಿಂದ ಬಸ್ಸಿನ ಬೆನ್ನಿನವರೆಗೆ ಎಲ್ಲೆಲ್ಲೂ ಕಂಡಿತು. ‘ನಾವಿಬ್ಬರು, ನಮಗಿಬ್ಬರು’ ಎಂಬ ಘೋಷಣೆ ಮಕ್ಕಳ ಬಾಯಲ್ಲೂ ಕುಣಿಯಿತು. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಮಾತು ಹಳ್ಳಿಯ ಹೆಂಗಸರಿಗೆ ಇನ್ನೂ ಹಿಡಿಸಿತು. ಎರಡು ಹೆತ್ತು ‘ಆಪರೇಷನ್’ ಮಾಡಿಸಿಕೊಳ್ಳುವುದು ವಾಡಿಕೆಯಾಯಿತು. ಇದರ ಭಾರ ಹೊತ್ತವರು ಹೆಂಗಸರೇ. ಗಂಡಸರ ಶಸ್ತ್ರಚಿಕಿತ್ಸೆ ಹೆಸರಿಗಷ್ಟೇ ಉಳಿಯಿತು.

ಇದೆಲ್ಲ ಬರಿಯ ಪ್ರಚಾರದಿಂದ ಆದದ್ದಲ್ಲ. ಅಪ್ಪನ ನಾಲ್ಕು ಎಕರೆ ನಾಲ್ಕು ಮಕ್ಕಳಲ್ಲಿ ಹಂಚಿಹೋದಾಗ ಒಂದೊಂದು ಎಕರೆ; ಮೊಮ್ಮಕ್ಕಳ ಕಾಲಕ್ಕೆ ಗುಂಟೆ ಲೆಕ್ಕ. ಮಕ್ಕಳನ್ನು ಓದಿಸಬೇಕೆಂಬ ಆಸೆ ಹುಟ್ಟಿದ ಮೇಲೆ ದುಡಿಯುವ ಕೈಯಾಗಿದ್ದ ಮಗು ಖರ್ಚಿನ ಬಾಬ್ತಾಯಿತು. ಶಿಶುಮರಣವೂ ಇಳಿಯಿತು. 1970ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ತೊಂಬತ್ತರ ಆಸುಪಾಸು ವರ್ಷ ತುಂಬುವ ಮುನ್ನ ಸಾಯುತ್ತಿದ್ದವು. 2020ರಲ್ಲಿ ಆ ಸಂಖ್ಯೆ 19. ಹೆತ್ತದ್ದು ಉಳಿಯುತ್ತದೆಂಬ ನಂಬಿಕೆ ಬಂದ ಮೇಲೆ ಹೆಚ್ಚು ಹೆರುವ ಅಗತ್ಯವೇ ಉಳಿಯಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಕರ್ನಾಟಕದ ಮಹಿಳೆಗೆ ಸರಾಸರಿ 2.85 ಮಕ್ಕಳು, 2019-21ರಲ್ಲಿ 1.7. ತಾಯಿ ತಂದೆಯರ ಜಾಗವನ್ನು ತುಂಬಲು ಬೇಕಾದ್ದು 2.1. ಅಂದರೆ ಇಂದು ಹುಟ್ಟುತ್ತಿರುವ ತಲೆಮಾರು ಹೆತ್ತವರ ತಲೆಮಾರಿಗಿಂತ ಚಿಕ್ಕದು.

ತೆರ ಹೋಗಿ ವರದಕ್ಷಿಣೆ ಬಂತು

ಇಷ್ಟರಲ್ಲೇ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. ಈ ಸೀಮೆಯ ಬೇಸಾಯಗಾರ ಕುಟುಂಬಗಳಲ್ಲಿ ಹಿಂದೆ ಮದುವೆಗೆ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ‘ತೆರ’ ಕೊಡುತ್ತಿದ್ದರು. ಹೆಣ್ಣು ಕಳೆ ಕೀಳುವ, ನಾಟಿ ಹಾಕುವ, ಹೈನು ನೋಡುವ ದುಡಿಮೆಗಾರ್ತಿ. ಅವಳನ್ನು ಕಳಿಸಿಕೊಡುವ ಮನೆಗೆ ಆಗುವ ನಷ್ಟವನ್ನು ತುಂಬಿಕೊಡುವ ಪದ್ಧತಿ ಅದು. ಕೀನ್ಯಾದ ಕಿಕುಯು ಸಮುದಾಯದಲ್ಲಿ ಇದೇ ಬಗೆಯ ಪದ್ಧತಿಗೆ ರುರಾಸಿಯೊ ಎಂದು ಹೆಸರು. ಅಲ್ಲಿ ಅದು ಇಂದಿಗೂ ಉಳಿದಿದೆ. ಮಗಳು ಹುಟ್ಟಿದರೆ ಮನೆ ಬರಿದಾಗುತ್ತದೆಂಬ ಭಯ ಅಲ್ಲಿಲ್ಲ.

ಮಂಡ್ಯ ಸೀಮೆಯಲ್ಲಿ ತೆರ ಮಾಯವಾದದ್ದನ್ನು ಕಣ್ಣಾರೆ ಕಂಡು ದಾಖಲಿಸಿದವರೊಬ್ಬರಿದ್ದಾರೆ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಲ್ಲಿ ಇಲ್ಲಿಗೆ ಬಂದು ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಹಳ್ಳಿಗಳ ನಿಜವಾದ ಹೆಸರು ಮರೆಸಿ ನೀರಾವರಿಯ ಹಳ್ಳಿಯನ್ನು ವಂಗಲ ಎಂದೂ ಒಣಭೂಮಿಯ ಹಳ್ಳಿಯನ್ನು ದಲೇನ ಎಂದೂ ಕರೆದರು. 1970ರಲ್ಲಿ ಮರಳಿ ಬಂದಾಗ ಉಳ್ಳವರ ಮನೆಗಳಲ್ಲಿ ತೆರದ ಜಾಗಕ್ಕೆ ವರದಕ್ಷಿಣೆ ಬಂದು ಕುಳಿತಿರುವುದನ್ನು ಕಂಡರು. ಕಬ್ಬಿನ ಹಣ ಕೈಗೆ ಬಂದ ಮನೆ ತನ್ನ ಹೆಣ್ಣುಮಕ್ಕಳನ್ನು ಗದ್ದೆಯಿಂದ ಮನೆಯೊಳಗೆ ಸೇರಿಸಿತು. ದುಡಿಮೆಗಾರ್ತಿಯಾಗಿದ್ದವಳು ಸಾಕಬೇಕಾದವಳೆಂದು ಎಣಿಸಲ್ಪಟ್ಟಳು. ಓದಿದ ಅಳಿಯ, ನೌಕರಿಯ ಅಳಿಯ ಬೇಕೆಂಬ ಪೈಪೋಟಿಯಲ್ಲಿ ಬೆಲೆ ಏರಿತು.

ಇದರ ಹಿಂದೆ ಜನಸಂಖ್ಯೆಯ ಕೈವಾಡವೂ ಇತ್ತು. 1980ರ ಸುಮಾರಿಗೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಸಂಶೋಧನೆ ನಡೆಸಿದ ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಇದನ್ನು ವಿವರಿಸಿದ್ದಾರೆ. ನಮ್ಮಲ್ಲಿ ಗಂಡು ತನಗಿಂತ ಕೆಲವು ವರ್ಷ ಚಿಕ್ಕವಳನ್ನು ಮದುವೆಯಾಗುತ್ತಾನೆ. ಜನಸಂಖ್ಯೆ ಏರುತ್ತಿರುವ ಕಾಲದಲ್ಲಿ ತಡವಾಗಿ ಹುಟ್ಟಿದ ತಂಡ ಮೊದಲು ಹುಟ್ಟಿದ ತಂಡಕ್ಕಿಂತ ದೊಡ್ಡದಿರುತ್ತದೆ. ಆಗ ವರರಿಗಿಂತ ವಧುಗಳು ಹೆಚ್ಚು. ಹೆಣ್ಣು ಹೆತ್ತವರು ಗಂಡಿಗಾಗಿ ಅಲೆಯುತ್ತಾರೆ, ವರದಕ್ಷಿಣೆ ಬೆಳೆಯುತ್ತದೆ.

ಸಾವಿರಕ್ಕೆ 934

ಎರಡೇ ಮಕ್ಕಳು ಸಾಕೆಂಬ ತೀರ್ಮಾನ ಒಂದು ಕಡೆ, ಮಗಳೆಂದರೆ ಸಾಲವೆಂಬ ಭಯ ಇನ್ನೊಂದು ಕಡೆ. ಆರು ಮಕ್ಕಳಿದ್ದ ಮನೆಯಲ್ಲಿ ಗಂಡೊಂದು ಹುಟ್ಟದೆ ಇರುವುದು ಅಪರೂಪ. ಎರಡಕ್ಕೆ ನಿಲ್ಲಿಸುವ ಮನೆಯಲ್ಲಿ ಎರಡೂ ಹೆಣ್ಣಾಗುವ ಸಂಭವ ಸುಮಾರು ನಾಲ್ಕರಲ್ಲಿ ಒಂದು. ಕೀರ್ತಿಗೊಬ್ಬ ಬೇಕೇ ಬೇಕು; ಆರತಿಗೊಬ್ಬಳು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಈ ಮನೋಭಾವಕ್ಕೆ ಸರಿಯಾಗಿ ಸ್ಕ್ಯಾನಿಂಗ್ ಯಂತ್ರ ಬಂತು. ಗರ್ಭದಲ್ಲಿರುವ ಮಗುವಿನ ಆರೋಗ್ಯ ನೋಡಲು ಬಂದ ಯಂತ್ರ, ಹೆಣ್ಣೆಂದು ತಿಳಿದು ತೆಗೆಸುವ ಸಾಧನವಾಯಿತು.

ಪ್ರಕೃತಿಯ ಲೆಕ್ಕದಲ್ಲಿ ಸಾವಿರ ಗಂಡುಮಕ್ಕಳಿಗೆ ಸುಮಾರು 950 ಹೆಣ್ಣುಮಕ್ಕಳು ಹುಟ್ಟುತ್ತಾರೆ. ಎಳವೆಯಲ್ಲಿ ಗಂಡುಮಕ್ಕಳ ಸಾವು ತುಸು ಹೆಚ್ಚಾದ್ದರಿಂದ ಆರು ವರ್ಷದೊಳಗಿನವರಲ್ಲಿ ಪ್ರಮಾಣ ಇದಕ್ಕಿಂತ ಕೊಂಚ ಮೇಲಿರಬೇಕು. ಕರ್ನಾಟಕದಲ್ಲಿ 1981ರಲ್ಲಿ ಅದು 975, 1991ರಲ್ಲಿ 960, 2001ರಲ್ಲಿ 946. ಮಂಡ್ಯ ಜಿಲ್ಲೆಯಲ್ಲಿ 2001ರಲ್ಲಿ 934. ಹತ್ತು ವರ್ಷಗಳ ಬಳಿಕವೂ ಅದು 940 ಮುಟ್ಟಲಿಲ್ಲ.

950 ಎಲ್ಲಿ, 934 ಎಲ್ಲಿ, ಹದಿನಾರೇ ತಾನೆ ವ್ಯತ್ಯಾಸ ಎನ್ನಬೇಡಿ. ಒಂದು ಲಕ್ಷ ಗಂಡುಮಕ್ಕಳಿರುವ ಕಡೆ ಅದು 1,600 ಹೆಣ್ಣುಮಕ್ಕಳು. ಒಂದೊಂದು ತರಗತಿಗೆ ನಲವತ್ತರಂತೆ ಕೂರಿಸಿದರೆ ನಲವತ್ತು ತರಗತಿಗಳು ಖಾಲಿ.

ಕಾನೂನು ಇಲ್ಲದೆ ಇಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 1994ರಲ್ಲಿ ಅಂಗೀಕಾರ ಕೊಟ್ಟಿತು. 1996ರ ಜನವರಿಯಿಂದ ಅದು ಜಾರಿಯಲ್ಲಿದೆ. 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಹೇಳಿದವರಿಗೂ ಶಿಕ್ಷೆ, ಕೇಳಿದವರಿಗೂ ಶಿಕ್ಷೆ. ಪ್ರತಿ ಸ್ಕ್ಯಾನಿಂಗ್ ಕೇಂದ್ರದಲ್ಲೂ ಫಲಕ ತೂಗುತ್ತದೆ. ಆದರೂ 2023ರ ಕೊನೆಯಲ್ಲಿ ಮಂಡ್ಯ ಸಮೀಪದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗಪತ್ತೆ ನಡೆಸುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಬಯಲಿಗೆಳೆದರು. ಬೆಲ್ಲದ ಪರಿಮಳದ ನಡುವೆ ಅಂಥ ವ್ಯವಹಾರ! ಸರ್ಕಾರ ತನಿಖೆಯನ್ನು ಸಿ.ಐ.ಡಿ.ಗೆ ವಹಿಸಿತು. 2024ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಗರ್ಭಪಾತ ನಡೆಸುತ್ತಿದ್ದ ಆರೋಪದ ಮೇಲೆ ಬಂಧನಗಳಾದವು. ಕಾನೂನಿಗೆ ಹೆದರಿ ದಂಧೆ ಬಾಗಿಲು ಬದಲಿಸುತ್ತದೆ. ಗಿರಾಕಿ ಇರುವವರೆಗೆ ಮುಚ್ಚುವುದಿಲ್ಲ.

ಹೆಣ್ಣು ಕೊಡುವವರಿಲ್ಲ

2001ರಲ್ಲಿ ಆರು ವರ್ಷದೊಳಗಿದ್ದ ಆ ಮಕ್ಕಳೇ ಇಂದು ಮದುವೆಯ ವಯಸ್ಸಿಗೆ ಬಂದಿರುವವರು. 2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಕ್ಕಲಿಗರ ವಧು-ವರರ ಸಮಾವೇಶ ನಡೆದಾಗ ನಾಡಿನ ಗಮನವೆಲ್ಲ ಅತ್ತ ತಿರುಗಿತು. ಹೆಸರು ನೋಂದಾಯಿಸಿದ್ದ ವರರು ಹತ್ತು ಸಾವಿರಕ್ಕೂ ಹೆಚ್ಚು. ವಧುಗಳು ಸುಮಾರು 250 ಎಂದು ಪತ್ರಿಕೆಗಳು ವರದಿ ಮಾಡಿದವು. ಮರುವರ್ಷ ಫೆಬ್ರವರಿಯಲ್ಲಿ ಮದುವೆಯಾಗದ ರೈತ ಯುವಕರು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಹೆಣ್ಣು ಸಿಗಲೆಂದು ಮಾದಪ್ಪನಿಗೆ ಹರಕೆ.

ಇಷ್ಟೊಂದು ಕೊರತೆಗೆಲ್ಲ ಭ್ರೂಣಹತ್ಯೆಯೊಂದೇ ಕಾರಣವೇ? ಅಲ್ಲ. ಇಲ್ಲಿಯೇ ಲೆಕ್ಕ ಸ್ವಾರಸ್ಯವಾಗುವುದು. ವರ ವಧುವಿಗಿಂತ ಆರು ವರ್ಷ ದೊಡ್ಡವನೆಂದು ಇಟ್ಟುಕೊಳ್ಳಿ. ವರನ ವಯಸ್ಸಿನ ತಂಡದಲ್ಲಿ ಸಾವಿರ ಗಂಡುಮಕ್ಕಳು. ಹುಟ್ಟುವ ಮಕ್ಕಳ ಸಂಖ್ಯೆ ವರ್ಷಕ್ಕೆ ಶೇಕಡಾ ಎರಡೂವರೆಯಂತೆ ಏರುತ್ತಿದ್ದರೆ ಆರು ವರ್ಷಗಳ ಬಳಿಕ ಹುಟ್ಟಿದ ತಂಡದಲ್ಲಿ ಹೆಣ್ಣುಮಕ್ಕಳು ಸುಮಾರು 1,100. ಅದೇ ಸಂಖ್ಯೆ ವರ್ಷಕ್ಕೆ ಶೇಕಡಾ ಎರಡರಂತೆ ಇಳಿಯುತ್ತಿದ್ದರೆ ಸುಮಾರು 840. ಒಂದೇ ಊರು, ಒಂದೇ ಪದ್ಧತಿ. ಒಂದು ಕಾಲದಲ್ಲಿ ನೂರು ವಧುಗಳು ಹೆಚ್ಚು, ಇನ್ನೊಂದು ಕಾಲದಲ್ಲಿ ನೂರಾ ಅರವತ್ತು ಕಡಿಮೆ. ಅಜ್ಜಿಯ ಕಾಲದ ವರದಕ್ಷಿಣೆಗೂ ಮೊಮ್ಮಗನ ಬ್ರಹ್ಮಚರ್ಯಕ್ಕೂ ಹಿಂದಿರುವುದು ಒಂದೇ ಗಣಿತ.

ಇದರ ಮೇಲೆ ಎರಡನೆಯ ಕಾರಣ, ಹೆಣ್ಣುಮಕ್ಕಳ ಆಯ್ಕೆ. ಓದಿದ ಹುಡುಗಿ ಸಾಲ, ಸಗಣಿ, ಬೆಲೆ ಸಿಗದ ಬೆಳೆಯ ಬದುಕನ್ನು ತಾಯಿಯ ಮನೆಯಲ್ಲೇ ನೋಡಿದ್ದಾಳೆ. ಬೆಂಗಳೂರಿನಲ್ಲಿ ಸಣ್ಣ ಸಂಬಳದವನಾದರೂ ಸರಿ, ಊರಿನ ಗದ್ದೆಯವನು ಬೇಡ ಎನ್ನುತ್ತಾಳೆ. ಅವಳನ್ನು ದೂರುವಂತಿಲ್ಲ. ಮೂರನೆಯ ಕಾರಣ, ಹುಟ್ಟಲು ಬಿಡದ ಹೆಣ್ಣುಮಕ್ಕಳು. ಮೊದಲನೆಯದು ಕಾಲದ ಆಟ, ಎರಡನೆಯದು ಹೆಣ್ಣಿನ ಹಕ್ಕು. ಅಪರಾಧವೆನ್ನಬೇಕಾದದ್ದು ಮೂರನೆಯದೇ. ಅದರ ಪಾಲು ಲೆಕ್ಕದಲ್ಲಿ ಸಣ್ಣದಿರಬಹುದು. ಆದರೆ ನಮ್ಮ ಕೈಯಾರೆ ಮಾಡಿದ್ದು ಅದು.

ಒಟ್ಟು ಮೊತ್ತದ ಮರೆ

ಅಂಕಿಗಳು ಕೆಲವೊಮ್ಮೆ ಮರೆಮಾಚುತ್ತವೆ. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಮಂಡ್ಯ ಜಿಲ್ಲೆಯಲ್ಲಿ 2001ರಲ್ಲಿ ಸಾವಿರ ಗಂಡಸರಿಗೆ 986 ಹೆಂಗಸರು. 2011ರಲ್ಲಿ ಇನ್ನೂ ಉತ್ತಮ. ಆತಂಕವೇ ಬೇಡವೆನಿಸುವಂಥ ಅಂಕಿ. ಆದರೆ ಗಣತಿ ಎಣಿಸುವುದು ಊರಿನಲ್ಲಿ ಇರುವವರನ್ನು. ದುಡಿಯಲು ಗಂಡಸರು ಹೊರಗೆ ಹೋದ ಊರಿನಲ್ಲಿ ಹೆಂಗಸರ ಪ್ರಮಾಣ ತಾನಾಗಿ ಮೇಲೇರುತ್ತದೆ. ವಯಸ್ಸಾದವರಲ್ಲಿಯೂ ಅಜ್ಜಂದಿರಿಗಿಂತ ಅಜ್ಜಿಯರೇ ಹೆಚ್ಚು ಕಾಲ ಬದುಕುತ್ತಾರೆ. ಇವೆರಡೂ ಸೇರಿ ಮಕ್ಕಳಲ್ಲಿನ ಕೊರತೆಯನ್ನು ಮುಚ್ಚಿಬಿಡುತ್ತವೆ.

ಹೊರಗೆ ಹೋದವರೆಷ್ಟು ಎಂಬುದರ ಅರಿವು ಹಲವರಿಗೆ ಆದದ್ದು 2020ರ ಮೇ ತಿಂಗಳಲ್ಲಿ. ಕೊರೊನಾ ಕಾಲದಲ್ಲಿ ಮುಂಬೈನಿಂದ ಕೆ.ಆರ್. ಪೇಟೆಗೆ ಜನ ಗುಂಪುಗುಂಪಾಗಿ ಮರಳಿದರು. ತಾಲ್ಲೂಕಿನ ಹೆಸರು ದಿನವೂ ಸುದ್ದಿಯಲ್ಲಿತ್ತು. ನಾಗಮಂಗಲದವರಿಗೆ ಬೆಂಗಳೂರು, ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರು ಹತ್ತಿರದ ಆಸರೆ. ಊರಿನಲ್ಲಿ ಉಳಿಯುವವರು ವಯಸ್ಸಾದವರು. 2011ರಲ್ಲಿ ಕರ್ನಾಟಕದಲ್ಲಿ 60 ದಾಟಿದವರು ಶೇಕಡಾ 9.5. ಆ ಪ್ರಮಾಣ ಏರುತ್ತಲೇ ಹೋಗುತ್ತದೆ. ಆಗ ಹೆತ್ತವರನ್ನು ನೋಡಿಕೊಳ್ಳುವವರು ಯಾರು? ಮುಂಬೈಯಲ್ಲಿರುವ ಮಗನೋ, ಪಕ್ಕದ ಊರಿಗೆ ಕೊಟ್ಟ ಮಗಳೋ? ಉತ್ತರ ಬಹಳಷ್ಟು ಮನೆಗಳಿಗೆ ಗೊತ್ತಿದೆ.

ಹೆತ್ತವರ ಮುಂದಿನ ಲೆಕ್ಕ

ಕರ್ನಾಟಕ 1994ರಲ್ಲೇ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಕೇಂದ್ರದ ಕಾನೂನು ಬಂದದ್ದು 2005ರಲ್ಲಿ. ಆದರೂ ಮದುವೆಯಾಗಿ ಹೋದ ಮಗಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ‘ಅರಿಸಿನ ಕುಂಕುಮಕ್ಕೆ’ ಒಂದಿಷ್ಟು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. 2006ರಲ್ಲಿ ರಾಜ್ಯ ಸರ್ಕಾರ ತಂದ ಭಾಗ್ಯಲಕ್ಷ್ಮಿ ಯೋಜನೆ ಬಡವರ ಮನೆಯ ಹೆಣ್ಣುಮಗುವಿನ ಹೆಸರಿಗೆ ಹಣ ತೊಡಗಿಸಿತು. ಯೋಜನೆ ನೆರವಾಗಬಹುದು. ಆದರೆ ಮಗಳು ಈ ಮನೆಗೇ ಸೇರಿದವಳೆಂಬ ನಂಬಿಕೆಯನ್ನು ಬಾಂಡಿನಲ್ಲಿ ಬರೆದುಕೊಡಲಾಗದು. ಅದು ಮನೆಯ ಜಗುಲಿಯಲ್ಲಿ, ಪಾಲು ಮಾಡುವ ದಿನ ತೀರ್ಮಾನವಾಗಬೇಕು.

ಮಗಳಿಗೆ ನ್ಯಾಯವಾದ ಪಾಲು, ವರದಕ್ಷಿಣೆ ಇಲ್ಲದ ಮದುವೆ, ಇವೆರಡೂ ಆದ ದಿನ ಸ್ಕ್ಯಾನಿಂಗ್ ದಂಧೆಗೆ ಗಿರಾಕಿ ಉಳಿಯುವುದಿಲ್ಲ. ಕೃಷಿಯಲ್ಲಿ ಗೌರವದ ಆದಾಯ ಬಂದ ದಿನ ರೈತನ ಮಗನಿಗೂ ಹೆಣ್ಣು ಸಿಗುತ್ತದೆ. ಮಗನಿಗೆ ಮದುವೆಯಾಗಲಿಲ್ಲವೆಂದು ಕೊರಗುವ ತಂದೆ ತಾಯಂದಿರು ಊರಿನಲ್ಲಿ ಎಷ್ಟು ಹೆಣ್ಣುಮಕ್ಕಳು ಹುಟ್ಟಿದರೆಂದೂ ಕೇಳಿಕೊಳ್ಳಬೇಕು.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೊರೊನಾದಿಂದ ಮುಂದಕ್ಕೆ ಹೋಯಿತು. ಹೊಸ ಗಣತಿಗೆ ಕರ್ನಾಟಕದಲ್ಲಿ 2027ರ ಮಾರ್ಚ್ 1 ಆಧಾರ ದಿನ. ಹದಿನಾರು ವರ್ಷಗಳ ಬಳಿಕ ಈ ನಾಲ್ಕು ತಾಲ್ಲೂಕುಗಳ ಲೆಕ್ಕ ಹೊಸದಾಗಿ ಸಿಗಲಿದೆ. ಅಂಕಿಗಳು ಪ್ರಕಟವಾದಾಗ ಒಟ್ಟು ಜನಸಂಖ್ಯೆಯ ಸಾಲನ್ನು ದಾಟಿ, ಸೊನ್ನೆಯಿಂದ ಆರು ವರ್ಷದವರ ಸಾಲಿಗೆ ಬನ್ನಿ. ಅಲ್ಲಿ ಸಾವಿರದ ಎದುರಿಗೆ ಬರೆದಿರುವ ಅಂಕಿಯೇ ನಮ್ಮ ನಡತೆಗೆ ಸಿಕ್ಕ ಅಂಕ.

ವಿದ್ಯಾರ್ಥಿಗಳಿಗೆ: ನಿಮ್ಮ ಊರಿನ ಗೋಪುರ

ನಿಮ್ಮ ಬೀದಿಯ ಐವತ್ತು ಮನೆಗಳನ್ನು ಆರಿಸಿಕೊಳ್ಳಿ. ಮನೆಯಲ್ಲಿ ವಾಸವಿರುವ ಪ್ರತಿಯೊಬ್ಬರ ವಯಸ್ಸು ಮತ್ತು ಗಂಡೋ ಹೆಣ್ಣೋ ಎಂಬುದನ್ನು ಬರೆದುಕೊಳ್ಳಿ. ಹೆಸರು ಬೇಡ. ಹತ್ತು ಹತ್ತು ವರ್ಷದ ಗುಂಪು ಮಾಡಿ, ಗ್ರಾಫ್ ಹಾಳೆಯಲ್ಲಿ ಎಡಕ್ಕೆ ಗಂಡು, ಬಲಕ್ಕೆ ಹೆಣ್ಣು ಬರುವಂತೆ ಪಟ್ಟಿಗಳನ್ನು ಬರೆಯಿರಿ. ಕಿರಿಯರು ಕೆಳಗೆ, ಹಿರಿಯರು ಮೇಲೆ. ಊರು ಬಿಟ್ಟು ಹೊರಗಿರುವವರನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ತಳದ ಪಟ್ಟಿ ಅದರ ಮೇಲಿನದಕ್ಕಿಂತ ಚಿಕ್ಕದೇ, ದೊಡ್ಡದೇ? ಎರಡನೆಯ ಬಣ್ಣ ಯಾವ ವಯಸ್ಸಿನಲ್ಲಿ ಹೆಚ್ಚು? ಅಜ್ಜಿಗೆ ಎಷ್ಟು ಜನ ಒಡಹುಟ್ಟಿದವರು, ನಿಮಗೆಷ್ಟು? ಐವತ್ತು ಮನೆಗಳ ಲೆಕ್ಕದಿಂದ ಲಿಂಗಾನುಪಾತದ ತೀರ್ಮಾನಕ್ಕೆ ಬರಬೇಡಿ. ಅದಕ್ಕೆ ಸಾವಿರಾರು ಮಕ್ಕಳ ಲೆಕ್ಕ ಬೇಕು. ಆದರೆ ಪಠ್ಯಪುಸ್ತಕದ ಗೋಪುರ ಹೇಗೆ ಹುಟ್ಟುತ್ತದೆಂಬುದು ಚೆನ್ನಾಗಿ ತಿಳಿಯುತ್ತದೆ.